ಅಕ್ಕನ ಹಾಡು ಇಳಿಯಿತೆಂದು ನಾವು ಜಗಳವಾಡಿದ ವರ್ಷಗಳು

ನಮ್ಮ ಬ್ಯಾಂಡಿನಲ್ಲಿ ಇದ್ದವರು ಮೂವರೇ: ಹಾಡು ಕಟ್ಟಿ ಹಾಡುತ್ತಿದ್ದ ನನ್ನ ಅಕ್ಕ, ಗಿಟಾರ್ ನುಡಿಸುತ್ತಿದ್ದ ನಮ್ಮ ಸಾವುಕಾರರ ಮಗ, ಡ್ರಮ್ಸ್ ಬಾರಿಸುತ್ತಿದ್ದ ನಾನು. ಎಲ್ಲ ಸೇರಿ ಮೂರು ಆಲ್ಬಮ್ ಮಾಡಿದೆವು. ಮೊದಲನೆಯದು ಕ್ಯಾಸೆಟ್, ಎರಡನೆಯದು ಸಿ.ಡಿ. ಮೂರನೆಯದು ಬರುವಷ್ಟರಲ್ಲಿ ಮೊಬೈಲ್ ಅಂಗಡಿಯವರು ಹಾಡುಗಳನ್ನು ಮೆಮೊರಿ ಕಾರ್ಡಿಗೆ ತುಂಬಿಸಿಕೊಡುವ ಕಾಲ ಬಂದಿತ್ತು. ಒಂದರಿಂದ ಒಂದಕ್ಕೆ ಅಕ್ಕನ ಹಾಡು ಬೆಳೆಯಿತೋ ಇಳಿಯಿತೋ ಎಂಬ ವಿಷಯಕ್ಕೆ ನಾವು ಆಡಿದಷ್ಟು ಜಗಳವನ್ನು ಬೇರೆ ಯಾವುದಕ್ಕೂ ಆಡಿಲ್ಲ.

ನಾವು ಆಂಧ್ರದ ಗಡಿಯೊಳಗೆ, ಮಡಕಶಿರಾ ಕಡೆಯ ಅಮರಾಪುರದ ಹತ್ತಿರದ ಹಳ್ಳಿಯವರು, ಮನೆಮಾತು ಕನ್ನಡ. ಅಪ್ಪನಿಗೆ ಕುರಿ, ಅಮ್ಮನಿಗೆ ಹೊಲ. ಅಕ್ಕ ಹೊಲಿಗೆ ಕಲಿತು, ಪಕ್ಕದ ಮನೆಯ ಚಿಕ್ಕಮ್ಮನ ಜೊತೆ ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಹೋದಳು. ಹತ್ತನೇ ಕ್ಲಾಸಿನಲ್ಲಿ ನನ್ನ ಗಣಿತ ಹೋದ ಮೇಲೆ ನಾನೂ ಅವಳ ಹಿಂದೆ ಹೋದೆ. ಕೆಲಸದ ಜಾಗವನ್ನು ಕಾರ್ಖಾನೆ ಎಂದರೆ ದೊಡ್ಡ ಮಾತಾಗುತ್ತದೆ. ಹಿಂದೆ ಕಡಲೆಕಾಯಿ ಮೂಟೆ ಇಡುತ್ತಿದ್ದ ಉದ್ದನೆಯ ಪಡಸಾಲೆ, ಅದರಲ್ಲಿ ಎರಡು ಸಾಲು ಮಿಷನ್ನು, ಕೊನೆಯಲ್ಲಿ ಇಸ್ತ್ರಿ ಮೇಜು. ಅಕ್ಕ ಜೇಬು ಹೊಲಿಯುತ್ತಿದ್ದಳು. ನಾನು ದಾರ ಕತ್ತರಿಸಿ, ಪ್ಯಾಂಟು ತಿರುವಿ, ಇಸ್ತ್ರಿ ಹಾಕುತ್ತಿದ್ದೆ. ಸಂಜೆಗೆ ಎಲ್ಲರ ಬೆರಳೂ ನೀಲಿ.

ಆ ಕಾಲದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೋ ಲೆಕ್ಕವಿಲ್ಲ. ಹೋದಾಗ ಮಿಷನ್ನುಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಬೆಳಗಿನಿಂದ ಕಿವಿ ತುಂಬಿದ್ದ ಸದ್ದು ಒಮ್ಮೆಲೇ ಇಲ್ಲವಾದರೆ ಮನುಷ್ಯರಿಗೆ ಮುಜುಗರವಾಗುತ್ತದೆ. ಯಾರಾದರೂ ಏನಾದರೂ ಮಾತಾಡಲಿ ಎನಿಸುತ್ತದೆ. ಅಂಥ ಒಂದು ಹೊತ್ತಿನಲ್ಲಿ ಅಕ್ಕ ಹಾಡಲು ಶುರು ಮಾಡಿದಳು. ಮಿಷನ್ನು ಓಡುವಾಗಿನ ತಾಳ ಅವಳ ಕಾಲಲ್ಲಿ ಇನ್ನೂ ಉಳಿದಿತ್ತು, ಅದಕ್ಕೆ ಮಾತು ಸೇರಿಸಿದಳು ಅಷ್ಟೆ.

"ಕರೆಂಟು ಹೋತು, ಕೈಗಳು ನಿಂತ್ವು,
ಸೂಜಿ ಬಾಯಾಗೆ ದಾರ,
ಹೇಳ್ರೇ ಯಾರಾದ್ರೂ, ನಿಮ್ಮ ನಿಮ್ಮೂರ
ಸುದ್ದಿ ಬಂದು ಎಷ್ಟು ವಾರ?"

ನಾನು ಇಸ್ತ್ರಿ ಮೇಜಿನ ಮೇಲೆ ಅಂಗೈಯಿಂದ ಬಡಿದೆ. ಊರಲ್ಲಿ ನಮ್ಮ ಸೋದರಮಾವ ಉರುಮೆ ಬಾರಿಸುವವನು, ಅವನ ಪಕ್ಕ ಕೂತು ಕೂತು ನನಗೆ ತಾಳ ಬಂದಿತ್ತು. ಹೆಂಗಸರು ಎರಡನೇ ಸಲಕ್ಕೇ ದನಿ ಸೇರಿಸಿದರು.

ಒಳಗಿನ ಕೋಣೆಯಿಂದ ಸಾವುಕಾರರ ಮಗ ಎದ್ದು ಬಂದು ಬಾಗಿಲಲ್ಲಿ ನಿಂತ. ಅವನು ಬಳ್ಳಾರಿಯಲ್ಲಿ ಓದಿ ಬಂದಿದ್ದ. ಓದು ಎಷ್ಟು ಹತ್ತಿತ್ತೋ ಗೊತ್ತಿಲ್ಲ, ಗಿಟಾರ್ ಮಾತ್ರ ಚೆನ್ನಾಗಿ ಹತ್ತಿತ್ತು.

"ಅಕ್ಕಾರ, ಇದು ಯಾವ ಪಿಚ್ಚರಿಂದ್ರಿ?" ಎಂದು ಕೇಳಿದ.

"ಯಾವ ಪಿಚ್ಚರೂ ಅಲ್ಲ ಸಾರ್. ಸುಮ್ನೆ ಬಂತು," ಎಂದಳು ಅಕ್ಕ, ಬೈಯುತ್ತಾನೆಂದು ಹೆದರಿ.

"ಇನ್ನೊಮ್ಮೆ ಬರ್ತದೇನ್ರಿ?"

ಹೀಗೆ ಬ್ಯಾಂಡ್ ಆಯಿತು. ಭಾನುವಾರ ಮಧ್ಯಾಹ್ನ ಅದೇ ಪಡಸಾಲೆಯಲ್ಲಿ ಬಟ್ಟೆಯ ಥಾನುಗಳ ನಡುವೆ ಕೂತು ಅಭ್ಯಾಸ ಮಾಡುತ್ತಿದ್ದೆವು. ಯಾವುದೋ ಆರ್ಕೆಸ್ಟ್ರಾದವರು ಬಿಟ್ಟ ಹಳೆಯ ಡ್ರಮ್ಸ್ ನನಗೆ ಸಿಕ್ಕಿತು. ಇದನ್ನು ರಾಕ್ ಎನ್ನುತ್ತಾರೆ ಎಂದು ಸಾವುಕಾರರ ಮಗ ನಮಗೆ ಹೇಳಿಕೊಟ್ಟ. ಅವನಪ್ಪ ಹಣೆಯ ತುಂಬ ವಿಭೂತಿ ಇಟ್ಟುಕೊಳ್ಳುವ, ಸಿಟ್ಟು ಬಾರದ ಮನುಷ್ಯ. ಒಂದು ದಿನ ಬಂದು ಸ್ವಲ್ಪ ಹೊತ್ತು ಕೇಳಿ, "ರಾಕ್ ಅಂದ್ರ ಕಲ್ಲಲ್ಲೇನೋ? ನಮ್ಮ ದುರ್ಗದಾಗ ಕಲ್ಲಿಗೇನು ಬರ ಐತಿ, ಮತ್ತ ಯಾಕ ಹೊರಗಿಂದ ತರಾಕತ್ತೀರಿ?" ಎಂದು ನಗುತ್ತ ಹೋದರು. ಬೇಡ ಎನ್ನಲಿಲ್ಲ.

ಮೊದಲ ಕ್ಯಾಸೆಟ್ಟನ್ನು ಬಳ್ಳಾರಿಯಲ್ಲಿ, ದೇವರ ಹಾಡುಗಳನ್ನು ರೆಕಾರ್ಡ್ ಮಾಡುವ ಒಂದು ಸ್ಟುಡಿಯೋದಲ್ಲಿ ಮಾಡಿದೆವು. ಒಂದೇ ದಿನಕ್ಕೆ ಎಲ್ಲ ಮುಗಿಯಿತು. ಮುರಿದ ಸೂಜಿಯ ಹಾಡು, ಪಾವಗಡದ ಮೇಲೆ ಬರುವ ಬಸ್ಸಿನ ಹಾಡು, ಕಾಜಾ ಹಾಕುವ ಹುಡುಗಿಗೆ ಗಂಡು ನೋಡಲು ಬಂದವರ ಹಾಡು. ಎಲ್ಲವೂ ಜೋರು, ಎಲ್ಲವೂ ಓಟ. ಅಕ್ಕ ಒಂದೊಂದು ಕಡೆ ಶ್ರುತಿ ಬಿಟ್ಟಿದ್ದಳು, ನಾನು ಎಲ್ಲ ಕಡೆಯೂ ಅವಸರ ಮಾಡಿದ್ದೆ. ಆದರೂ ಕ್ಯಾಸೆಟ್ಟು ರಾಯದುರ್ಗದ ಬೀದಿ ಬೀದಿಯಲ್ಲಿ ಓಡಿತು. ಹೊಲಿಗೆ ಮನೆಗಳಲ್ಲಿ, ಆಟೋಗಳಲ್ಲಿ, ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅದೇ ಹಾಡು. ಕನ್ನಡ ಅಷ್ಟಾಗಿ ಬಾರದ ತೆಲುಗು ಹುಡುಗಿಯರೂ ಅರ್ಧ ಮಾತು ನುಂಗಿಕೊಂಡು ಹಾಡುತ್ತಿದ್ದರು. ಅಕ್ಕ ಸಂತೆಗೆ ಹೋದರೆ ತರಕಾರಿಯವರು, "ನಿಮ್ಮೂರ ಸುದ್ದಿ ಬಂದು ಎಷ್ಟು ವಾರಾತವ್ವಾ?" ಎಂದು ಕೇಳಿ ಒಂದು ಹಿಡಿ ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಿದ್ದರು.

ಮರುವರ್ಷ ಅಕ್ಕನಿಗೆ ಮದುವೆಯಾಯಿತು. ಭಾವ ಬೆಂಗಳೂರಿನಲ್ಲಿ ಲಾರಿಗೆ ಸಾಮಾನು ತುಂಬುವ ಕೆಲಸದಲ್ಲಿದ್ದರು. ಅವಳು ಅಲ್ಲಿನ ದೊಡ್ಡ ಗಾರ್ಮೆಂಟ್ಸ್ ಒಂದಕ್ಕೆ ಸೇರಿದಳು. ಇಲ್ಲಿ ಇಡೀ ಜೇಬು ಹೊಲಿಯುತ್ತಿದ್ದವಳು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಂಗಿಯ ಎಡ ಕಫ್ ಒಂದನ್ನೇ ಹೊಲಿಯುತ್ತಿದ್ದಳು. ಹಾಡು ಬಿಡಲಿಲ್ಲ. ಭಾನುವಾರ ಸಾವುಕಾರರ ಮನೆಯ ಫೋನಿಗೆ ಫೋನ್ ಮಾಡಿ ಸಾಲುಗಳನ್ನು ಹೇಳುತ್ತಿದ್ದಳು, ಅವರ ಮಗ ಅದಕ್ಕೆ ಗಿಟಾರ್ ಕೂರಿಸುತ್ತಿದ್ದ. ಅವನೂ ಆಗ ಏನೇನೋ ಹೊಸದನ್ನು ಕೇಳುತ್ತಿದ್ದ, ಹೊಸ ಸ್ವರಗಳನ್ನು ಹುಡುಕುತ್ತಿದ್ದ. ಅಕ್ಕ ರಜೆಗೆ ಬಂದಾಗ ಮೂವರೂ ಸೇರಿ ಎರಡನೇ ಆಲ್ಬಮ್ ಮಾಡಿದೆವು.

ಆ ರೆಕಾರ್ಡಿಂಗಿನಲ್ಲಿ ನನಗೆ ಸಮಾಧಾನವಿರಲಿಲ್ಲ. ಹಾಡುಗಳು ನಿಧಾನ. ಹಾಡಿನ ನಡುವೆ ಅಕ್ಕ ಕೈ ಎತ್ತಿ ನನ್ನನ್ನು ನಿಲ್ಲಿಸುತ್ತಿದ್ದಳು.

"ಇಲ್ಲಿ ನೀನು ಬಾರಿಸ್ಬೇಡ ಕಣೋ."

"ಬಾರಿಸ್ದೆ ಇದ್ರೆ ಖಾಲಿ ಇರುತ್ತಲ್ಲಕ್ಕಾ?"

"ಖಾಲಿ ಇರ್ಲಿ."

ಒಂದು ಹಾಡಂತೂ ನನಗೆ ತಲೆಬುಡ ಗೊತ್ತಾಗಲಿಲ್ಲ.

"ಬಾಗಿಲು ತೆಗೆದರೆ ಇನ್ನೊಂದು ಬಾಗಿಲು,
ಅದರೊಳಗೆ ಯಾರದೋ ಕೆಮ್ಮು.
ಯಾವೂರು ಅಂದರು, ಹೇಳಿದೆ. ಮತ್ತೆ
ಯಾವೂರು ಅಂದರು, ಸುಮ್ಮನಾದೆ."

ಊರು ಹೇಳಿದ ಮೇಲೂ ಮತ್ತೆ ಯಾಕೆ ಕೇಳುತ್ತಾರೆ, ಇವಳು ಯಾಕೆ ಸುಮ್ಮನಾಗುತ್ತಾಳೆ? ಪ್ರಾಸವಿಲ್ಲ, ಎಲ್ಲರೂ ಸೇರಿ ಹಾಡುವ ಪಲ್ಲವಿಯೂ ಇಲ್ಲ. ಕೇಳಿದ್ದಕ್ಕೆ ಅಕ್ಕ, "ಹಂಗೇ ಆಗೋದು," ಎಂದಳು. ಬಿಡಿಸಿ ಹೇಳಲಿಲ್ಲ.

ಸಿ.ಡಿ. ರಾಯದುರ್ಗದಲ್ಲಿ ಓಡಲಿಲ್ಲ. ಟೀ ಅಂಗಡಿಯವನು ಎರಡು ದಿನ ಹಾಕಿ ನನ್ನನ್ನು ಕರೆದು ವಾಪಸು ಕೊಟ್ಟ. "ಬ್ಯಾಸರ ಮಾಡ್ಕೋಬ್ಯಾಡ್ರಿ. ಮೊದಲಿನ ಹಂಗ ಇಲ್ರಿ ಇದು. ಗಿರಾಕಿ ಟೀ ಕುಡ್ಯೋದು ಬಿಟ್ಟು ಯಾರ ಸತ್ತಾರ ಅಂತ ಕೇಳಾಕತ್ತಾರ," ಎಂದ. ಹೊಲಿಗೆ ಮನೆಯಲ್ಲಿ ಹೆಂಗಸರು ಮುಖದ ಮೇಲೆ ಏನೂ ಹೇಳಲಿಲ್ಲ, ಆದರೆ ಎರಡು ಹಾಡಾದ ಮೇಲೆ ಯಾರೋ ಎದ್ದು ಹಳೆಯ ಕ್ಯಾಸೆಟ್ಟು ಹಾಕಿದರು.

ನನಗೂ ಹಾಗೇ ಅನಿಸಿತ್ತು. ಅದನ್ನು ಸಾವುಕಾರರ ಮಗನಿಗೆ ಹೇಳಿದೆ. ಬೆಂಗಳೂರಿಗೆ ಹೋಗಿ ಅಕ್ಕನ ಹಾಡು ಕೆಟ್ಟಿತು, ಮೊದಲು ಕೈಗೆ ಸಿಗುವ ಮಾತು ಬರೆಯುತ್ತಿದ್ದಳು, ಈಗ ಹೊಗೆ ಬರೆಯುತ್ತಾಳೆ ಎಂದೆ.

ಅವನಿಗೆ ಸಿಟ್ಟು ಬಂತು. "ನಿನಗ ತಲಿ ಇಲ್ಲ. ಮೊದಲನೇದ್ರಾಗ ಏನಿತ್ತು? ಎಲ್ಲಾ ಹಾಡಿಗೂ ಗಿಟಾರ್‌ನ್ಯಾಗ ಅವೇ ಮೂರು ಕಾರ್ಡ್, ಅವೇ ಸ್ವರ. ಅಕ್ಕಾರು ಈಗ ಬರೆಯೋದು ಕಲ್ತಾರ. ಹಾಡು ದೊಡ್ಡದಾಗೈತಿ, ನೀನು ಸಣ್ಣವಾಗಿ ನಿಂತಿ."

"ದೊಡ್ಡದಾದ್ರೆ ಜನ ಯಾಕೆ ಕೇಳಲ್ಲ?"

"ಜನ ಕೇಳ್ಳಿ ಅಂತ ಮಾಡೋದಾದ್ರ ಮದುವಿ ಬ್ಯಾಂಡ್ ಹೊಡಿ, ಹೋಗು."

ಮದುವೆ ಬ್ಯಾಂಡಿನವರನ್ನು ಹಗುರ ಮಾಡಿದನೆಂದು ನಾನು ಇನ್ನೊಂದು ಜಗಳ ತೆಗೆದೆ. ಒಂದು ತಿಂಗಳು ಮಾತಿಲ್ಲ. ಒಂದೇ ಪಡಸಾಲೆಯಲ್ಲಿ ಕೆಲಸ, ಅವನು ಲೆಕ್ಕ ಕೇಳಿದರೆ ನಾನು ಪಕ್ಕದವನಿಗೆ ಹೇಳುವುದು, ಪಕ್ಕದವನು ಅವನಿಗೆ ಹೇಳುವುದು. ಕೊನೆಗೆ ದೊಡ್ಡ ಸಾವುಕಾರರೇ ಇಬ್ಬರನ್ನೂ ಸ್ಕೂಟರಿನಲ್ಲಿ ನೇಮಕಲ್ಲಿನ ಆಂಜನೇಯನ ಗುಡಿಗೆ ಕಳಿಸಿದರು, ಹರಕೆಯ ಕಾಯಿ ಒಡೆಸಿಕೊಂಡು ಬರಲು. ದಾರಿಯಲ್ಲಿ ಚಕ್ರ ಪಂಕ್ಚರ್ ಆಯಿತು. ತಳ್ಳಿಕೊಂಡು ಹೋಗುವಾಗ ಮಾತು ತಾನಾಗಿ ಶುರುವಾಯಿತು. ಹಾಡಿನ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ.

ಆಮೇಲೆ ಆರ್ಡರು ಕಡಿಮೆಯಾದ ಒಂದು ವರ್ಷ ಬಂತು. ಪಡಸಾಲೆಯ ಅರ್ಧ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿದರು. ಅಕ್ಕ ಫೋನ್ ಮಾಡಿ, ಪ್ಯಾಕಿಂಗಿನಲ್ಲಿ ಗಂಡಾಳು ಬೇಕಂತೆ ಬಾ ಎಂದಳು. ನಾನು ಬೆಂಗಳೂರಿಗೆ ಹೋದೆ.

ಮಡಕಶಿರಾ ಕಡೆಯ ಇನ್ನಿಬ್ಬರ ಜೊತೆ ಒಂದು ಕೋಣೆ ಹಿಡಿದೆ. ಕೋಣೆ ತೋರಿಸಲು ಬಂದ ಮನೆ ಓನರಮ್ಮ, "ಯಾವೂರಪ್ಪ?" ಎಂದು ಕೇಳಿದರು.

"ಮಡಕಶಿರಾ ಹತ್ರ ಅಮ್ಮ."

"ಓ, ಆಂಧ್ರದೋರಾ? ಕನ್ನಡ ಚೆನ್ನಾಗಿ ಕಲ್ತಿದೀಯಲ್ಲ!"

"ನಮ್ಮನೇಲಿ ಕನ್ನಡಾನೇ ಮಾತಾಡೋದು."

"ಹೌದಾ? ಹಂಗಾದ್ರೆ ನಿಜವಾಗ್ಲೂ ಯಾವೂರು?"

ನಾನು ಸುಮ್ಮನಾದೆ. ಅವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಬೀಗದ ಕೈ ಕೊಟ್ಟು, ಕುಡಿಯಲು ನೀರೂ ಕೊಟ್ಟು ಹೋದರು. ಚೀಲ ಕೋಣೆಯೊಳಗಿಟ್ಟು ಮತ್ತೆ ಬಾಗಿಲು ತೆಗೆದೆ. ಎದುರಿಗೆ, ಓಣಿಯ ಆಚೆ, ಕೈ ಚಾಚಿದರೆ ಮುಟ್ಟುವ ಹಾಗೆ, ಇನ್ನೊಂದು ಬಾಗಿಲು. ಒಳಗೆ ಯಾರೋ ಕೆಮ್ಮುತ್ತಿದ್ದರು.

ಅಲ್ಲೇ ನಿಂತೆ. ಆ ಹಾಡಿಗೆ ಡ್ರಮ್ಸ್ ಬಾರಿಸಿದವನು ನಾನು. ರೆಕಾರ್ಡಿಂಗಿನಲ್ಲಿ ಎಷ್ಟೋ ಸಲ ಕೇಳಿದ್ದೆ, ಬೈದಿದ್ದೆ, ಹೊಗೆ ಎಂದಿದ್ದೆ. ಹೊಗೆಯೇನೂ ಇರಲಿಲ್ಲ. ಅಕ್ಕ ತನ್ನ ಮೊದಲ ದಿನವನ್ನು ಇದ್ದ ಹಾಗೇ ಹೇಳಿದ್ದಳು. ಕರೆಂಟಿನ ಹಾಡು ಎಷ್ಟು ನೇರವೋ ಇದೂ ಅಷ್ಟೇ ನೇರ. ಆ ಪಡಸಾಲೆ ರಾಯದುರ್ಗದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಇಂಥ ಓಣಿ ನಮ್ಮಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮುಂದಿನ ಭಾನುವಾರ ಅಕ್ಕನ ವಠಾರಕ್ಕೆ ಹೋದೆ. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಗುನುಗುತ್ತಿದ್ದಳು. ರಾಗ ನಮ್ಮದು, ಎರಡನೇ ಆಲ್ಬಮ್ಮಿನದು.

"ಈ ಹಾಡು ನಿಮಗೆಲ್ಲಿ ಸಿಕ್ತು?" ಎಂದೆ.

ಅವಳು ಪಾವಗಡದ ಕಡೆಯವಳು. "ಗಾರ್ಮೆಂಟ್ಸಲ್ಲಿ ನಮ್ಮ ಮಿಷನ್ ಲೈನಲ್ಲಿ ಎಲ್ರಿಗೂ ಬತ್ತದೆ. ಆ ಮೂಲೆ ಮನೆ ಅಕ್ಕ ಕಟ್ಟಿರೋದು. ಹೊಸಬ್ರು ಯಾರಾದ್ರೂ ಸೇರಿ ಮೊದಲ ವಾರ ಅಳ್ತಾ ಕೂತ್ರೆ ಇದನ್ನ ಕೇಳಿಸ್ತೀವಿ," ಎಂದಳು.

"ಕೇಳಿದ್ರೆ ಇನ್ನೂ ಅಳು ಬರಲ್ವಾ?"

"ಬತ್ತದೆ. ಆಮೇಲೆ ನಿಲ್ತದೆ."

ಒಳಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ನಾನು ತಿಳಿಯದೆ ಮಾತಾಡಿದ್ದೆ, ಎರಡನೆಯದೇ ಒಳ್ಳೆಯದು, ರಾಯದುರ್ಗದವರಿಗೆ ಅರ್ಥವಾಗಲಿಲ್ಲ ಅಷ್ಟೆ ಎಂದೆ. ಅವಳು ಮುದ್ದೆ ಕಟ್ಟುತ್ತಿದ್ದಳು. ಖುಷಿಪಡುತ್ತಾಳೆ ಎಂದುಕೊಂಡಿದ್ದೆ, ಅವಳು ತಲೆ ಅಲ್ಲಾಡಿಸಿದಳು.

"ಹಂಗೂ ಅಲ್ಲ ಕಣೋ. ಬೆಂಗಳೂರು ನೋಡ್ದೋರಿಗೆ ಮಾತ್ರ ಅರ್ಥ ಆಗೋ ಹಂಗೆ ಬರದ್ರೆ ಅದೂ ಅರ್ಧ ಹಾಡೇ. ಕರೆಂಟ್ ಹಾಡು ತೆಲುಗು ಹುಡುಗೀರಿಗೂ ಹತ್ತಿತ್ತು. ಇದು ಟೀ ಅಂಗಡಿಯೋನಿಗೆ ಹತ್ಲಿಲ್ಲ ಅಂದ್ರೆ ಅವನು ದಡ್ಡ ಅಂತ ಹೇಳ್ಬೇಡ. ನನಗೇ ಇನ್ನೂ ಸರಿಯಾಗಿ ಹೇಳಕ್ಕೆ ಬರ್ಲಿಲ್ಲ."

"ಹಂಗಾದ್ರೆ ಮೊದಲನೇದೇ ಚೆನ್ನಾಗಿತ್ತಾ?"

"ಅದ್ರಲ್ಲಿ ಬರೀ ಕೂಗಾಟ. ಈಗ ಕೇಳಿದ್ರೆ ನಾಚಿಕೆ ಆಗುತ್ತೆ," ಎಂದು ನಕ್ಕಳು. "ಎರಡೂ ಸರಿಯಿಲ್ಲ. ಕೈ ತೊಳ್ಕೊ, ಊಟಕ್ಕೆ ಕೂತ್ಕೊ."

ನಾನು ಬೆಂಗಳೂರಿನಲ್ಲಿ ಎರಡು ವರ್ಷ ಇದ್ದೆ. ಅಷ್ಟರಲ್ಲಿ ಅಕ್ಕನ ಅತ್ತೆಗೆ ಕಣ್ಣು ಮಂಜಾಯಿತು. ಅವರನ್ನು ನೋಡಿಕೊಳ್ಳಲು ಅಕ್ಕ, ಬೆಂಗಳೂರಿನಲ್ಲಿ ಹುಟ್ಟಿದ್ದ ಪುಟ್ಟ ಮಗಳನ್ನು ಕರೆದುಕೊಂಡು ಗಂಡನ ಊರಿಗೆ ಬಂದಳು. ಅದೂ ಅಮರಾಪುರದ ಆಚೆಯ ಹಳ್ಳಿಯೇ. ಮುಂದಿನ ಕೋಣೆಯಲ್ಲಿ ಮಿಷನ್ನು ಹಾಕಿಕೊಂಡು ರವಿಕೆ, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯತೊಡಗಿದಳು. ಸ್ವಲ್ಪ ದಿನಕ್ಕೆ ಭಾವನೂ ಬಂದು ಕುರಿ ಕಟ್ಟಿದರು. ನಾನು ರಾಯದುರ್ಗಕ್ಕೆ ಮರಳಿದೆ. ಪಡಸಾಲೆ ಈಗ ಸಾವುಕಾರರ ಮಗನ ಕೈಯಲ್ಲಿತ್ತು. ಅವನು ಗಿಟಾರ್ ಮುಟ್ಟುವುದು ಅಪರೂಪವಾಗಿತ್ತು.

ಎಷ್ಟೋ ವರ್ಷ ಹಾಡಿನ ಸುದ್ದಿಯೇ ಇರಲಿಲ್ಲ. ಒಂದು ದಿನ ಅಕ್ಕನೇ ಫೋನ್ ಮಾಡಿ, "ಆರು ಹಾಡು ಆಗವೆ. ಅವರನ್ನೂ ಕರ್ಕೊಂಡು ಬಾ," ಎಂದಳು.

ಸಾವುಕಾರರ ಮಗ ಕಾರಿನಲ್ಲಿ ಲ್ಯಾಪ್‌ಟಾಪ್, ಮೈಕು, ಗಿಟಾರ್ ಹಾಕಿಕೊಂಡು ಬಂದ. ಸ್ಟುಡಿಯೋ ಬೇಡ, ಇಲ್ಲೇ ಮಾಡೋಣ ಎಂದಳು ಅಕ್ಕ. ಕುರಿಗಳು ಮೇಯಲು ಹೋದ ಮೇಲೆ ಮನೆ ಸದ್ದಿಲ್ಲದೆ ಇರುತ್ತಿತ್ತು, ಆಗ ರೆಕಾರ್ಡ್ ಮಾಡುವುದು. ಅವು ಮರಳಿದರೆ ನಿಲ್ಲಿಸುವುದು. ಡ್ರಮ್ಸ್ ತರಬೇಡ ಎಂದಿದ್ದಳು. ಸೋದರಮಾವನನ್ನು ಕೇಳಿ ಉರುಮೆ ತಂದಿದ್ದೆ. ಬಾಗಿದ ಕೋಲಿನಿಂದ ಅದರ ಚರ್ಮವನ್ನು ಉಜ್ಜಿದರೆ ಹೊಟ್ಟೆಯೊಳಗಿನಿಂದ ಬಂದಂಥ ದನಿ ಬರುತ್ತದೆ. ಎರಡು ಹಾಡಿಗೆ ಅದೊಂದೇ ಸಾಕಾಯಿತು.

ಒಂದು ಹಾಡು ಅತ್ತೆಯದು.

"ಸೂಜಿಗೆ ದಾರ ಪೋಣಿಸಿ ಕೊಡೇ, ಅಂತಾರೆ ಅತ್ತೆ.
ಕೊಡ್ತೀನಿ.
ಏನೂ ಹೊಲಿಯೋದಿಲ್ಲ ಅವರು.
ಸಂಜೆಗೆ ಸೂಜಿ ಕೈಗೆ ಕೊಟ್ಟು
ಇವತ್ತಿಗೆ ಸಾಕು, ಅಂತಾರೆ."

ಅಷ್ಟೇ ಹಾಡು. ಅಕ್ಕ ಅದನ್ನು ಮಾತಾಡುವ ದನಿಯಲ್ಲೇ ಹಾಡಿದಳು. ಜಗಲಿಯ ಮೇಲೆ ಕೂತಿದ್ದ ಅತ್ತೆ ಕಿವಿಗೊಟ್ಟು ಕೇಳಿ, "ನನ್ನ ಮೇಲೆ ಪದ ಕಟ್ಟಿದ್ದೀಯಾ?" ಎಂದರು. ಅಕ್ಕ ಹೌದೆಂದಳು. "ನಾನು ಹಂಗೇನಾ ಮಾತಾಡೋದು?" "ಹಂಗೇ." ಮುದುಕಿ ಬಾಗಿಲ ಹತ್ತಿರಕ್ಕೆ ಸರಿದು, "ಇನ್ನೊಂದ್ಸಲ ಹಾಡು, ಗಂಟಲು ಬಿಟ್ಟು ಹಾಡು, ನನಗೆ ಸರಿಯಾಗಿ ಕೇಳ್ಲಿಲ್ಲ," ಎಂದರು. ಆಲ್ಬಮ್ಮಿನಲ್ಲಿ ಉಳಿದಿರುವುದು ಎರಡನೇ ಸಲ ಹಾಡಿದ್ದು.

ಎಲ್ಲವೂ ಹಾಗಿರಲಿಲ್ಲ. ಕೊನೆಯ ಹಾಡು, ಲೋಕವೆಲ್ಲ ಒಂದೇ, ಎಲ್ಲರೂ ಕೈ ಹಿಡಿಯೋಣ ಎನ್ನುವಂಥದ್ದು, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಹೇಳಿಕೊಡುವ ಹಾಗಿತ್ತು. ಈ ಸಲ ನಾನು ಬೆನ್ನ ಹಿಂದೆ ಹೇಳಲಿಲ್ಲ.

"ಅಕ್ಕಾ, ಇದು ಚೆನ್ನಾಗಿಲ್ಲ."

"ಯಾಕೋ?"

"ಇದನ್ನ ಯಾರು ಬೇಕಾದ್ರೂ ಬರೀಬಹುದು. ಅತ್ತೆ ಹಾಡು ನೀನೊಬ್ಳೇ ಬರಿಯಕ್ಕಾಗೋದು."

ಅವಳು ಮಿಷನ್ನಿನ ಮೇಲಿದ್ದ ಯೂನಿಫಾರ್ಮನ್ನು ಮಡಿಸುತ್ತ ಕೂತಳು. ಮುನಿಸಿಕೊಂಡಳೇನೋ ಎನಿಸಿತು. ಆಮೇಲೆ, "ನಂಗೂ ಅನುಮಾನ ಇತ್ತು. ಆದ್ರೆ ಇವಳಿಗೆ ಇಷ್ಟ," ಎಂದು ಬಾಗಿಲಲ್ಲಿ ಕೂತಿದ್ದ ಮಗಳ ಕಡೆ ತೋರಿಸಿದಳು. "ಇರ್ಲಿ. ಐದು ನಿನಗೆ, ಒಂದು ಅವಳಿಗೆ." ಹಾಡನ್ನು ತೆಗೆಯಲಿಲ್ಲ. ಈಗಲೂ ಅದು ಬಂದರೆ ನಾನು ಮುಂದಕ್ಕೆ ಓಡಿಸುತ್ತೇನೆ.

ಪಡಸಾಲೆಯಲ್ಲಿ ಮೂರನೆಯದನ್ನು ಹಾಕಿದೆವು. ಹೊಸ ಹುಡುಗಿಯರು ಕಿವಿಗೆ ತಂತಿ ಸಿಕ್ಕಿಸಿಕೊಂಡು ತಮ್ಮ ತಮ್ಮ ಹಾಡು ಕೇಳುವವರು. ಕೆಲವರು ತಲೆ ಎತ್ತಿದರು, ಕೆಲವರು ಇಲ್ಲ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನಿಗೆ ವಯಸ್ಸಾಗಿತ್ತು. ಅವನ ಮೊಬೈಲಿಗೂ ಹಾಕಿಕೊಟ್ಟೆ. ಒಂದು ವಾರ ಬಿಟ್ಟು, "ಮುದುಕೀದು ಹಾಡು ಚಲೋ ಐತ್ರಿ. ಉಳಿದದ್ದು ನಂಗ ಗೊತ್ತಾಗಲಿಲ್ಲ," ಎಂದ. ಅಕ್ಕನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. ಬೆಂಗಳೂರಿನ ಲೈನಿನಲ್ಲಿ ಹೆಂಗಸರು ಹಾಡಿದರೆಂದಾಗಲೂ ಅವಳು ಅಷ್ಟು ಸಂತೋಷಪಟ್ಟಿರಲಿಲ್ಲ.

ಕೆಲವು ದಿನಗಳ ನಂತರ ಪ್ಯಾಂಟಿನ ಕಟ್ಟುಗಳನ್ನು ಕಾರಿಗೆ ತುಂಬಿಕೊಂಡು ಸಾವುಕಾರರ ಮಗನೂ ನಾನೂ ಬೆಳುಗುಪ್ಪದ ಅಂಗಡಿಯೊಂದಕ್ಕೆ ಹೊರಟಿದ್ದೆವು. ದಾರಿಯಲ್ಲಿ ಮೂರೂ ಆಲ್ಬಮ್ ಒಂದಾದ ಮೇಲೊಂದು ಓಡಿದವು. ಅವನು ಸ್ಟೇರಿಂಗಿನ ಮೇಲೆ ಬೆರಳಾಡಿಸುತ್ತ, "ಒಂದು ಮಾತು ಹೇಳ್ಲೇನು? ಮೊದಲನೇದ ಭಾರಿ ಐತಿ ನೋಡಪಾ. ಆಮೇಲೆ ನಾವು ಅಷ್ಟು ಬಿಸಿ ಇರಲಿಲ್ಲ," ಎಂದ.

ನಾನು ಬೆಪ್ಪಾಗಿ ಅವನ ಮುಖ ನೋಡಿದೆ. "ಅವತ್ತು ಎರಡನೇದ್ದಕ್ಕೆ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದು ಯಾರು? ಮೂರೇ ಕಾರ್ಡ್ ಅಂದಿದ್ದು ಯಾರು?"

"ಆವಾಗ ನಂಗ ಎಲ್ಲಾ ಕಾರ್ಡ್ ಬಾರಿಸೋ ಹುಚ್ಚಿತ್ತು. ಈಗ ಆ ಮೂರು ಬಂದ್ರ ಸಾಕಾಗೈತಿ."

"ನಾನು ಮೂರನೇದ್ದೇ ಅಂತೀನಿ."

"ಅಂದ್ಕೋ. ಅದು ಮುದುಕರ ಆಲ್ಬಮ್."

"ಅತ್ತೆ ಹಾಡು?"

ಅವನು ಬೆರಳಾಡಿಸುವುದನ್ನು ನಿಲ್ಲಿಸಿದ. ಅವನ ತಂದೆ ಹಿಂದಿನ ವರ್ಷ ತೀರಿಕೊಂಡಿದ್ದರು. ಕೊನೆಕೊನೆಗೆ ಅವರು ದಿನವೂ ಪಡಸಾಲೆಗೆ ಬಂದು, ಲೆಕ್ಕದ ಕೋಣೆಯಲ್ಲಿ ಕೂತು, ಏನನ್ನೂ ಮಾಡದೆ ಸಂಜೆ ಎದ್ದು ಮನೆಗೆ ಹೋಗುತ್ತಿದ್ದರು.

"ಅದು ಬ್ಯಾರೆ," ಎಂದ ಅವನು. "ಅದನ್ನ ಲೆಕ್ಕಕ್ಕ ಹಿಡೀಬ್ಯಾಡ."

ಹಿಡಿಯಬೇಕೆಂದು ನಾನು, ಹಿಡಿಯಬಾರದೆಂದು ಅವನು, ಬೆಳುಗುಪ್ಪ ಬರುವವರೆಗೂ ಹಾಗೇ ವಾದ ಮಾಡಿದೆವು. ಅಂಗಡಿಯವರು ಹೊರಗೆ ಬಂದು, "ಬರ್ರಿ, ಬರ್ರಿ, ಏನ್ರಿ ದಾರಿಯುದ್ದಕ್ಕೂ ಜಗಳ ಮಾಡ್ಕೊಂತ ಬಂದಂಗೈತಿ?" ಎಂದರು. ಇಬ್ಬರೂ ನಕ್ಕು, ಕಾರಿನ ಹಿಂದಿನ ಬಾಗಿಲು ತೆಗೆದು, ಕಟ್ಟುಗಳನ್ನು ಇಳಿಸಲು ಶುರು ಮಾಡಿದೆವು.